ಮ–ವ, ದ–ಧ, ಬ–ಭ: ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಮಕ್ಕಳಿಗೆ ಬೇರ್ಪಡಿಸಿ ಕಲಿಸುವ ಬಗೆ

ಒಂದನೆಯ ತರಗತಿಯ ಮಗು ‘ಮರ’ ಎಂಬುದನ್ನು ‘ವರ’ ಎಂದು ಓದುತ್ತದೆ. ‘ಧನ’ ಎಂದು ಹೇಳಿ ಬರೆಸಿದರೆ ‘ದನ’ ಎಂದು ಬರೆಯುತ್ತದೆ. ‘ಪಡೆ’ಯನ್ನು ‘ವಡೆ’ ಎಂದು ಓದಿದಾಗ ತರಗತಿಯೆಲ್ಲ ನಗುತ್ತದೆ. ದಾವಣಗೆರೆ ನಗರದ ಶಾಲೆಯಾಗಲಿ, ಹರಿಹರದ ಹೊಳೆಯಾಚೆಯ ಹಳ್ಳಿಯ ಶಾಲೆಯಾಗಲಿ, ಈ ತಪ್ಪುಗಳು ಎಲ್ಲೆಡೆಯೂ ಒಂದೇ ರೀತಿ ಕಾಣಿಸಿಕೊಳ್ಳುತ್ತವೆ. ಇವು ಸಹಜವಾದ ತಪ್ಪುಗಳು. ಬಹುಪಾಲು ಮಕ್ಕಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ಆದರೆ ಸರಿಹೋಗದೆ ಉಳಿದರೆ ಪರಿಣಾಮ ಚಿಕ್ಕದಲ್ಲ. ಮೂರನೆಯ ತರಗತಿಯಿಂದಾಚೆಗೆ ಅಕ್ಷರಜ್ಞಾನ ಆಗಿಹೋಗಿದೆ ಎಂದೇ ಭಾವಿಸಿ ಪಾಠಗಳು ಮುಂದುವರಿಯುತ್ತವೆ. ಅಕ್ಷರ ಗಟ್ಟಿಯಾಗದ ಮಗು ಲೆಕ್ಕದ ಪ್ರಶ್ನೆಯನ್ನೂ ಓದಲಾರದು, ಪರಿಸರದ ಪಾಠವನ್ನೂ ಓದಲಾರದು. ಆಗ ಅದಕ್ಕೆ ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಆದ್ದರಿಂದ ಪೋಷಕರೂ ಶಿಕ್ಷಕರೂ ಈ ತೊಡಕಿನ ಸ್ವರೂಪವನ್ನು ಅರಿತಿರುವುದು ಒಳ್ಳೆಯದು.

ತೊಡಕು ಇರುವುದೆಲ್ಲಿ?

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಮಗು ಕಲಿಯಬೇಕಾದ ಆಕಾರಗಳು ಇಷ್ಟೇ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತವಿದೆ, ಒತ್ತಕ್ಷರವಿದೆ. ಹೀಗೆ ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರಗಳನ್ನು ಪೂರ್ತಿಯಾಗಿ ಕೈವಶ ಮಾಡಿಕೊಳ್ಳಲು ಮಕ್ಕಳಿಗೆ ಹಲವು ವರ್ಷಗಳೇ ಬೇಕಾಗುತ್ತವೆ ಎಂಬುದನ್ನು ತೋರಿಸಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಒಂದೇ ವರ್ಷದಲ್ಲಿ ಕಲಿತ ಮಗು ಕನ್ನಡದಲ್ಲಿ ಎರಡು ಮೂರು ವರ್ಷ ತೆಗೆದುಕೊಂಡರೆ ಅದರಲ್ಲಿ ಅಚ್ಚರಿಯೂ ಇಲ್ಲ, ಆತಂಕಕ್ಕೆ ಕಾರಣವೂ ಇಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಇಂಗ್ಲಿಷಿನ ‘ಬಿ’ ಮತ್ತು ‘ಡಿ’ ಚಿಕ್ಕಕ್ಷರಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿವೆ; ಅಲ್ಲಿನ ತೊಡಕು ಎಡ–ಬಲದ್ದು. ಕನ್ನಡದಲ್ಲಿ ಅಂಥ ಜೋಡಿಗಳು ವಿರಳ. ನಮ್ಮಲ್ಲಿ ಮೈಯೆಲ್ಲ ಒಂದೇ ಆಗಿದ್ದು, ಒಂದು ಚುಕ್ಕೆ, ಒಂದು ಗೀಟು, ಒಂದು ಬಾಲ ಅಥವಾ ಒಂದು ತೆರಪು ಮಾತ್ರ ಬೇರೆಯಾಗಿರುತ್ತದೆ. ಆದ್ದರಿಂದ ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳಿರುವ ಎಡಗೈ–ಬಲಗೈ ಉಪಾಯಗಳು ಕನ್ನಡಕ್ಕೆ ಹೆಚ್ಚು ಒದಗುವುದಿಲ್ಲ. ‘ಎಲ್ಲಿ ನೋಡಬೇಕು’ ಎಂಬುದನ್ನು ತೋರಿಸಿಕೊಡುವುದೇ ಇಲ್ಲಿನ ಮುಖ್ಯ ಕೆಲಸ.

ಮಕ್ಕಳನ್ನು ಗೊಂದಲಕ್ಕೀಡುಮಾಡುವ ಗುಂಪುಗಳು

1. ವ, ಪ, ಮ, ಯ, ಷ, ಫ, ಘ: ಅತಿ ಕಷ್ಟದ ಗುಂಪು ಇದು. ‘ವ’ ಮೇಲೆ ಮುಚ್ಚಿಕೊಂಡಿರುತ್ತದೆ, ‘ಪ’ ತೆರೆದಿರುತ್ತದೆ. ‘ವ’ಕ್ಕೆ ಬಲಗಡೆ ಬಾಲ ಬಂದಂತೆ ‘ಮ’. ‘ಪ’ಕ್ಕೆ ಬಾಲ ಬಂದಂತೆ ‘ಘ’. ‘ಪ’ದ ಒಳಗೆ ಗೀಟು ಬಂದರೆ ‘ಷ’, ಕೆಳಗೆ ಗೀಟು ಬಂದರೆ ‘ಫ’. ಇವುಗಳಲ್ಲಿ ಪ, ಮ, ವ ಮೂರನ್ನೂ ತುಟಿಗಳ ಸಹಾಯದಿಂದಲೇ ಉಚ್ಚರಿಸುತ್ತೇವೆ. ಆಕಾರವೂ ಹತ್ತಿರ, ಉಚ್ಚಾರವೂ ಹತ್ತಿರವಾದುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

2. ದ, ಧ, ಥ ಮತ್ತು ಡ, ಢ: ‘ದ’ದ ಕೆಳಗೆ ಗೀಟು ಬಂದರೆ ‘ಧ’, ಆ ಗೀಟಿನ ಜೊತೆಗೆ ಹೊಟ್ಟೆಯೊಳಗೂ ಗುರುತು ಬಂದರೆ ‘ಥ’. ‘ಡ’ದ ಕೆಳಗೆ ಗೀಟು ಬಂದರೆ ‘ಢ’.

3. ರ, ಠ ಮತ್ತು ಸೊನ್ನೆ: ‘ರ’ದ ಒಳಗೆ ಚುಕ್ಕೆಯಿಟ್ಟರೆ ‘ಠ’. ಕನ್ನಡ ಬಾರದ ವಿದೇಶೀಯರೂ ಅಂತರಜಾಲದಲ್ಲಿ ಎರಡು ‘ಠ’ಗಳನ್ನು ಹುಬ್ಬುಗಂಟಿಕ್ಕಿದ ಕಣ್ಣುಗಳಂತೆ ಬಳಸಿ ಅಸಮ್ಮತಿ ಸೂಚಿಸುವುದುಂಟು. ‘ಕಣ್ಣುಗುಡ್ಡೆ ಇದ್ದರೆ ಠ, ಇಲ್ಲದಿದ್ದರೆ ರ’ ಎಂದರೆ ಮಕ್ಕಳು ಮರೆಯುವುದಿಲ್ಲ.

4. ಬ, ಭ, ಒ ಹಾಗೂ ಚ, ಛ: ‘ಬ’ಕ್ಕೆ ತಲೆಕಟ್ಟಿಲ್ಲ, ‘ಭ’ಕ್ಕೆ ತಲೆಕಟ್ಟೂ ಇದೆ, ಕೆಳಗೆ ಗೀಟೂ ಇದೆ. ‘ಚ’, ‘ಛ’ಗಳಲ್ಲಿ ಗೀಟು ಮಾತ್ರ ವ್ಯತ್ಯಾಸ.

5. ಹ್ರಸ್ವ–ದೀರ್ಘಗಳು: ಅ–ಆ, ಉ–ಊ, ಎ–ಏ, ಒ–ಓ. ಇ–ಈ ಜೋಡಿಯಲ್ಲಿ ಆಕಾರವೇ ಬೇರೆಯಾದುದರಿಂದ ಅಲ್ಲಿ ಕಣ್ಣಿಗೆ ತೊಂದರೆಯಿಲ್ಲ. ಅಡು–ಆಡು, ಅಳು–ಆಳು, ಒಲೆ–ಓಲೆ ಮುಂತಾದ ಪದಗಳಲ್ಲಿ ಈ ಭೇದ ಅರ್ಥವನ್ನೇ ಬದಲಿಸುತ್ತದೆ.

6. ಗುಣಿತ ಮತ್ತು ಒತ್ತಿನ ಚಿಹ್ನೆಗಳು: ಗುಡಿಸು ಮತ್ತು ಗುಡಿಸಿನ ದೀರ್ಘ (ಬಿಡು–ಬೀಡು), ಕೊಂಬು ಮತ್ತು ಕೊಂಬಿನ ಇಳಿ (ಕುಡಿ–ಕೂಡಿ), ವಟ್ರಸುಳಿ ಮತ್ತು ರಕಾರದ ಒತ್ತು (ಕೃ–ಕ್ರ). ‘ಮಿರ್ಚಿ’ಯಲ್ಲಿ ಬರುವ ಅರ್ಕಾವತ್ತು ಕನ್ನಡದ ಅಂಕಿ ೯ರಂತೆಯೇ ಕಾಣುತ್ತದೆ, ಗಣಕಯಂತ್ರದಲ್ಲಿ ಬೆರಳಚ್ಚು ಮಾಡುವ ದೊಡ್ಡವರೂ ಒಂದರ ಬದಲು ಇನ್ನೊಂದನ್ನು ಒತ್ತುವುದುಂಟು.

‘ಪು’ ಮತ್ತು ‘ವು’ಗಳನ್ನು ವಿಶೇಷವಾಗಿ ಗಮನಿಸಬೇಕು. ಉಳಿದ ಅಕ್ಷರಗಳಿಗೆ ಹಚ್ಚುವಂತೆ ಕೊಂಬನ್ನು ಬಲಗಡೆ ಹಚ್ಚಿದರೆ ‘ವು’ ಎಂಬುದು ‘ಮ’ದಂತೆಯೂ, ‘ಪು’ ಎಂಬುದು ‘ಘ’ದಂತೆಯೂ ಆಗಿಬಿಡುತ್ತದೆ. ಆದ್ದರಿಂದಲೇ ಇವೆರಡಕ್ಕೆ ಕೊಂಬನ್ನು ಕೆಳಭಾಗದಿಂದ ಹಚ್ಚುವ ರೂಢಿಯಿದೆ. ‘ಹೂವು’, ‘ನೋವು’, ‘ಉಪ್ಪು’ ಎಂದು ಬರೆಸುವಾಗ ಈ ಕಾರಣವನ್ನು ಹೇಳಿಕೊಟ್ಟರೆ ಎರಡನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಲಿಪಿ ಹೀಗಾದುದು ಹೇಗೆ?

ಈ ಅಕ್ಷರಗಳು ಮೊದಲಿನಿಂದಲೂ ಹೀಗೆ ಒಂದರಂತೆ ಒಂದು ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಬ್ರಾಹ್ಮೀ ಲಿಪಿಯಲ್ಲಿ ‘ಪ’ ಕೊಕ್ಕೆಯಂತಿದೆ. ‘ವ’ ಎಂಬುದು ತಲೆಯ ಮೇಲೆ ನೆಟ್ಟಗಿನ ಗೆರೆಯುಳ್ಳ ವೃತ್ತ. ‘ಮ’ ಎಂಬುದು ಎರಡು ಕೋಡುಗಳುಳ್ಳ ವೃತ್ತ. ಮೂರೂ ಸ್ಪಷ್ಟವಾಗಿ ಬೇರೆ ಬೇರೆ. ಶತಮಾನಗಳು ಕಳೆದಂತೆ ಬರವಣಿಗೆ ದುಂಡಗಾಯಿತು, ತಲೆಕಟ್ಟು ಬೆಳೆಯಿತು, ಆಕಾರಗಳು ಹತ್ತಿರ ಹತ್ತಿರ ಬಂದವು. ಹರಿಹರದಲ್ಲಿ ಹೊಯ್ಸಳರ ಕಾಲದಲ್ಲಿ, ಹದಿಮೂರನೆಯ ಶತಮಾನದ ಆದಿಭಾಗದಲ್ಲಿ, ಪೋಳಾಲ್ವ ದಂಡನಾಥ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಶಾಸನಗಳಿವೆ. ಮೂರು ನಾಲ್ಕನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಪರಿಚಿತವೆನಿಸುವ ಅಕ್ಷರಗಳನ್ನು ಹುಡುಕಿಸುವುದು ಒಳ್ಳೆಯ ಚಟುವಟಿಕೆ. ಅಕ್ಷರವೆಂಬುದು ಜನರು ಬರೆದು ಬರೆದು ರೂಪಿಸಿದ ವಸ್ತುವೆಂಬ ತಿಳಿವಳಿಕೆ ಮಗುವಿನ ಅಂಜಿಕೆಯನ್ನು ಕಡಿಮೆ ಮಾಡುತ್ತದೆ.

ಕಣ್ಣಿನ ತಪ್ಪೋ, ಕಿವಿಯ ತಪ್ಪೋ?

ತಿದ್ದುವುದಕ್ಕೆ ಮೊದಲು ತಪ್ಪು ಯಾವ ಬಗೆಯದೆಂದು ತಿಳಿಯಬೇಕು. ಇದಕ್ಕೆ ಐದು ನಿಮಿಷದ ಪರೀಕ್ಷೆ ಸಾಕು. ವ, ಪ, ಮ, ಯ ಅಕ್ಷರಗಳನ್ನು ಎರಡೆರಡು ರಟ್ಟಿನ ಚೀಟಿಗಳ ಮೇಲೆ ದಪ್ಪವಾಗಿ ಬರೆದುಕೊಂಡು ಕ್ರಮವಾಗಿ ಹೀಗೆ ಕೇಳಬೇಕು:

ಅ) ‘ಇದರಂತಹದೇ ಇನ್ನೊಂದನ್ನು ತೆಗೆ.’ ಇದರಲ್ಲಿ ತಪ್ಪಿದರೆ ಮಗುವಿನ ಕಣ್ಣು ಭೇದವನ್ನು ಗ್ರಹಿಸುತ್ತಿಲ್ಲ. ದೃಷ್ಟಿಯನ್ನೂ ಒಮ್ಮೆ ಪರೀಕ್ಷಿಸಬೇಕು.

ಆ) ‘ಮ ಎಲ್ಲಿದೆ, ತೋರಿಸು.’ ಜೋಡಿಸಲು ಬಂದು ಇಲ್ಲಿ ತಪ್ಪಿದರೆ ಆಕಾರಕ್ಕೂ ಧ್ವನಿಗೂ ನಂಟು ಇನ್ನೂ ಬೆಸೆದಿಲ್ಲ.

ಇ) ‘ಇದು ಯಾವ ಅಕ್ಷರ?’ ತೋರಿಸಲು ಬಂದು ಹೇಳಲು ಬಾರದಿದ್ದರೆ ನೆನಪು ಗಟ್ಟಿಯಾಗಿಲ್ಲ, ಅಭ್ಯಾಸ ಸಾಲದು.

ಈ) ‘ಮ ಬರೆ.’ ಓದಲು ಬಂದು ಬರೆಯಲು ಬಾರದಿದ್ದರೆ ಕೈಗೆ ದಾರಿ ಗೊತ್ತಿಲ್ಲ. ಬರವಣಿಗೆಯನ್ನೇ ತಿದ್ದಬೇಕು.

‘ಧನ’ವನ್ನು ‘ದನ’ವೆಂದು ಬರೆಯುವ ಮಗುವಿನ ವಿಷಯ ಬೇರೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಅಲ್ಪಪ್ರಾಣ–ಮಹಾಪ್ರಾಣಗಳ ಭೇದ ಬಹುಮಟ್ಟಿಗೆ ಕೇಳಿಬರುವುದಿಲ್ಲ. ಭದ್ರಾ ನಾಲೆಯ ಕೆಳಗೆ ಬೆಳೆಯುವ ಪೈರನ್ನು ‘ಭತ್ತ’ ಎಂದೂ ಬರೆಯುತ್ತಾರೆ, ‘ಬತ್ತ’ ಎಂದೂ ಬರೆಯುತ್ತಾರೆ. ಹೇಳುವಾಗ ಹೆಚ್ಚಿನವರು ‘ಬತ್ತ’ ಎಂದೇ ಹೇಳುತ್ತಾರೆ. ಕಿವಿಗೆ ಬೀಳದ ಭೇದವನ್ನು ಮಗು ಕೈಯಲ್ಲಿ ತರಬೇಕೆಂದರೆ ಹೇಗೆ? ಇಂಥ ಮಗುವಿಗೆ ನೂರು ಸಲ ‘ಧ’ ತಿದ್ದಿಸುವುದರಿಂದ ಪ್ರಯೋಜನವಿಲ್ಲ. ಬಾಯಿಯ ಮುಂದೆ ಅಂಗೈಯಿಟ್ಟು ‘ದ’, ‘ಧ’ ಎಂದು ಹೇಳಿಸಿ, ಉಸಿರು ತಾಗುವ ಭೇದವನ್ನು ತಿಳಿಸಬೇಕು. ಆಮೇಲೆ ‘ಉಸಿರು ಹೆಚ್ಚಾದರೆ ಗೀಟು’ ಎಂಬ ನಂಟನ್ನು ಛ, ಢ, ಧ, ಫ, ಭಗಳಿಗೆ ವಿಸ್ತರಿಸಬಹುದು. ಒಂದು ನಿಯಮದಲ್ಲಿ ಐದು ಅಕ್ಷರಗಳು ನೆಲೆಗೊಳ್ಳುತ್ತವೆ.

ಕಲಿಸುವ ಕ್ರಮ

ಒಂದೇ ತೆರನ ಎರಡು ಅಕ್ಷರಗಳನ್ನು ಒಂದೇ ದಿನ ಹೊಸದಾಗಿ ಕಲಿಸಬಾರದು ಎಂಬುದು ಮೊದಲನೆಯ ಸೂತ್ರ. ಅಮೆರಿಕದ ಶಿಕ್ಷಣತಜ್ಞ ಡಗ್ಲಸ್ ಕಾರ್ನೈನ್ ಅವರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೊಂದಲ ಹುಟ್ಟಿಸುವ ಅಕ್ಷರಗಳನ್ನು ದೂರ ದೂರವಿಟ್ಟು ಕಲಿಸುವುದು ಹೆಚ್ಚು ಫಲಕಾರಿಯೆಂದು ಕಂಡುಬಂದಿತ್ತು. ‘ದ’ ಗಟ್ಟಿಯಾಗಿ, ಕಂಡೊಡನೆ ಹೇಳುವಂತಾದ ಮೇಲೆಯೇ ‘ಧ’ ಬರಬೇಕು. ವರ್ಣಮಾಲೆಯನ್ನು ಬಾಯಿಪಾಠ ಮಾಡಿಸುವಾಗ ತ, ಥ, ದ, ಧ, ನ ಎಂಬ ಕ್ರಮ ಸರಿಯೇ. ಉಚ್ಚಾರಣೆಯ ದೃಷ್ಟಿಯಿಂದ ಅದು ಶಾಸ್ತ್ರೀಯವಾದುದು. ಆದರೆ ಓದು–ಬರಹಕ್ಕೆ ಅದೇ ಕ್ರಮವನ್ನು ಹಿಡಿದರೆ ಒಂದರಂತೆ ಒಂದಿರುವ ಅಕ್ಷರಗಳು ಒಟ್ಟೊಟ್ಟಿಗೆ ಎದುರಾಗುತ್ತವೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ, 2009–10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ನಲಿ–ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಕೈಬಿಟ್ಟಿತು. ಅದರ ಮೊದಲ ಗುಂಪು ರ, ಗ, ಸ, ದ, ಅ. ಈ ಐದು ಅಕ್ಷರಗಳು ಕಣ್ಣಿಗೆ ಸಾಕಷ್ಟು ಬೇರೆಬೇರೆಯಾಗಿವೆ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದಬಹುದು. ಎರಡನೆಯ ಗುಂಪು ಜ, ವ, ಮ, ಬ, ನ. ಇಲ್ಲಿ ‘ವ’ ಮತ್ತು ‘ಮ’ ಜೊತೆಯಾಗಿ ಬರುವುದರಿಂದ ಶಿಕ್ಷಕರು ಎಚ್ಚರ ವಹಿಸಬೇಕು. ಎರಡರ ನಡುವೆ ‘ಜ’, ‘ನ’, ‘ಬ’ಗಳನ್ನು ಕಲಿಸಿ ಕೆಲವು ದಿನಗಳ ಅಂತರ ಕೊಡುವುದು ಲೇಸು. ಮನೆಯಲ್ಲಿ ಹೇಳಿಕೊಡುವ ಪೋಷಕರು ಶಾಲೆಯಲ್ಲಿ ಯಾವ ಗುಂಪು ನಡೆಯುತ್ತಿದೆ ಎಂದು ವಿಚಾರಿಸಿಕೊಂಡು ಅದನ್ನೇ ಅನುಸರಿಸಬೇಕು. ಶಾಲೆಯದೊಂದು ಕ್ರಮ, ಮನೆಯದೊಂದು ಕ್ರಮವಾದರೆ ಮಗು ಎರಡರ ನಡುವೆ ಸಿಲುಕುತ್ತದೆ.

ಎರಡೂ ಅಕ್ಷರಗಳು ಪ್ರತ್ಯೇಕವಾಗಿ ಗಟ್ಟಿಯಾದ ಮೇಲೆ ಅವನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಎರಡನೆಯ ಹಂತ. ಇದನ್ನು ತಪ್ಪಿಸಲೂ ಬಾರದು, ಅವಸರದಿಂದ ಮಾಡಲೂ ಬಾರದು. ಭೇದವಿರುವ ಭಾಗವನ್ನು, ಅಂದರೆ ‘ಮ’ದ ಬಾಲವನ್ನೋ ‘ಧ’ದ ಗೀಟನ್ನೋ, ಮಾತ್ರ ಕೆಂಪು ಬಣ್ಣದಲ್ಲಿ ಬರೆದು ತೋರಿಸಬೇಕು. ಎರಡು ಮೂರು ದಿನಗಳಲ್ಲಿ ಬಣ್ಣವನ್ನು ತಿಳಿಯಾಗಿಸುತ್ತ ಬಂದು ಕೊನೆಗೆ ಪೂರ್ತಿ ಕಪ್ಪಿನಲ್ಲಿಯೇ ಬರೆಯಬೇಕು. ಬಣ್ಣವನ್ನು ಹಾಗೆಯೇ ಉಳಿಸಿದರೆ ಮಗು ಬಣ್ಣವನ್ನು ಗುರುತಿಸುತ್ತದೆಯೇ ಹೊರತು ಅಕ್ಷರವನ್ನಲ್ಲ.

ಮೂರನೆಯ ಹಂತ ಪದಗಳದ್ದು. ಮನ–ವನ, ಮರ–ವರ–ಪರ, ಪಡೆ–ವಡೆ, ದನ–ಧನ ಮುಂತಾದ ಜೋಡಿಗಳನ್ನು ವಾಕ್ಯದೊಳಗಿಟ್ಟು ಓದಿಸಬೇಕು. ‘ಹಕ್ಕಿ ಮರದ ಮೇಲೆ ಕುಳಿತಿದೆ’ ಎಂಬಲ್ಲಿ ‘ವರದ ಮೇಲೆ’ ಎಂದು ಓದಿದ ಮಗು ತಾನೇ ನಕ್ಕು ತಿದ್ದಿಕೊಳ್ಳುತ್ತದೆ. ಅರ್ಥಕ್ಕಿಂತ ಒಳ್ಳೆಯ ಗುರು ಬೇರೊಬ್ಬರಿಲ್ಲ.

ಕೈಗೂ ಕಲಿಸಬೇಕು

ಹಿಂದಿನ ಐಗಳ ಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುವ ಪದ್ಧತಿ ರೂಢಿಗೆ ಬಂತು. ಎರಡರ ಹಿಂದಿನ ತಿಳಿವಳಿಕೆ ಒಂದೇ. ಫ್ರಾನ್ಸಿನಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಲಿಮಣೆಯಿಂದ ಅಕ್ಷರ ಕಲಿತವರಿಗಿಂತ ಕೈಯಿಂದ ಬರೆದು ಕಲಿತವರು, ಅದರಲ್ಲೂ ಸ್ವಲ್ಪ ದೊಡ್ಡ ಮಕ್ಕಳು, ಅಕ್ಷರಗಳನ್ನು ಚೆನ್ನಾಗಿ ಗುರುತಿಸಿದರು. ಮೊಬೈಲ್ ಪರದೆಯ ಮೇಲೆ ಬೆರಳು ಒತ್ತುವ ಆಟಗಳು ಬರವಣಿಗೆಗೆ ಬದಲಿಯಾಗಲಾರವು.

ತಟ್ಟೆಯಲ್ಲಿ ತೆಳುವಾಗಿ ಹರಡಿದ ಮರಳು ಅಥವಾ ಅಕ್ಕಿ, ಸ್ಲೇಟು–ಬಳಪ, ಅಂಗಳದ ಸೀಮೆಸುಣ್ಣ ಇಷ್ಟೇ ಸಾಕು. ಅಕ್ಷರದ ಎತ್ತರ ಮಗುವಿನ ಅಂಗೈಯಷ್ಟಿರಲಿ. ಎಲ್ಲಿ ಆರಂಭಿಸಬೇಕು, ಯಾವ ಕಡೆ ತಿರುಗಬೇಕು ಎಂಬುದನ್ನು ಬಾಯಲ್ಲಿ ಹೇಳುತ್ತ ಬರೆಸಬೇಕು. ದಿನವೂ ಒಂದೇ ದಾರಿಯಲ್ಲಿ ಬರೆಸಬೇಕು. ‘ವ’ ಬರೆದು, ಅಲ್ಲಿಯೇ ನಿಲ್ಲಿಸಿ, ‘ಈಗ ಬಾಲ ಎಳೆದರೆ ಏನಾಯಿತು?’ ಎಂದು ಕೇಳಿದರೆ ಎರಡಕ್ಷರದ ನಂಟೂ ಭೇದವೂ ಒಮ್ಮೆಲೇ ಮನಸ್ಸಿನಲ್ಲಿ ನಿಲ್ಲುತ್ತವೆ. ಹಾಗೆಯೇ ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂಬ ಹಳೆಯ ಬಳ್ಳಿಯ ಹೆಸರುಗಳನ್ನು ಬಿಡಬಾರದು. ಚಿಹ್ನೆಗೆ ಹೆಸರಿದ್ದರೆ ಕಣ್ಣು ಅದನ್ನು ಹುಡುಕುತ್ತದೆ.

ಊರಿನ ಫಲಕಗಳೇ ಪಠ್ಯ

ಎರಡು ಊರುಗಳ ನಡುವೆ ಓಡಾಡುವ ಬಸ್ಸಿನ ಫಲಕವೇ ಒಂದು ಪಾಠ. ‘ಹರಿಹರ’ ಎಂಬ ಹೆಸರಿನಲ್ಲಿರುವುದು ಹ, ರ ಎಂಬ ಎರಡೇ ಅಕ್ಷರ, ಒಂದು ಗುಡಿಸು. ‘ದಾವಣಗೆರೆ’ಯಲ್ಲಿ ದ, ವ, ಣ, ಗ, ರ ಇವೆ. ‘ಎರಡೂ ಊರಿನಲ್ಲಿರುವ ಅಕ್ಷರ ಯಾವುದು?’ ಎಂದು ಕೇಳಿದರೆ ಮಗು ‘ರ’ವನ್ನು ಹುಡುಕಿ ಹೇಳುತ್ತದೆ. ‘ಮಾಯಕೊಂಡ’ದಲ್ಲಿ ಮ, ಯ ಅಕ್ಕಪಕ್ಕ ಕುಳಿತಿವೆ. ‘ಅಣಜಿ’ಗೆ ಅ, ‘ಆನಗೋಡು’ಗೆ ಆ. ಹರಿಹರ ತಾಲ್ಲೂಕಿನ ‘ಬನ್ನಿಕೋಡು’ವಿಗೆ ಬ, ‘ಭಾನುವಳ್ಳಿ’ಗೆ ಭ. ಅಜ್ಜಿಯ ಊರು, ಅತ್ತೆಯ ಊರು ಎಂಬ ಪ್ರೀತಿ ಬೆರೆತಾಗ ಅಕ್ಷರ ಬೇಗ ಅಂಟುತ್ತದೆ. ಅಂಗಡಿಗಳ ಮೇಲಿನ ‘ಬೆಣ್ಣೆ ದೋಸೆ’, ‘ಮಂಡಕ್ಕಿ’, ‘ಮಿರ್ಚಿ’ ಫಲಕಗಳೂ ಹೀಗೆಯೇ ಉಪಯೋಗಕ್ಕೆ ಬರುತ್ತವೆ.

ಹಳೆಯ ವೃತ್ತಪತ್ರಿಕೆಯ ದಪ್ಪಕ್ಷರದ ಶೀರ್ಷಿಕೆಗಳಲ್ಲಿ ‘ಮ’ಗಳಿಗೆ ಮಾತ್ರ ಸುತ್ತು ಹಾಕಿಸುವುದು ಮತ್ತೊಂದು ಒಳ್ಳೆಯ ಅಭ್ಯಾಸ. ಓದು ಬಾರದ ತಾಯಂದಿರೂ ಇದನ್ನು ಮಾಡಿಸಬಹುದು: ಮಾದರಿ ಚೀಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಸುತ್ತು ಹಾಕಿದ ಅಕ್ಷರ ಅದರಂತೆಯೇ ಇದೆಯೇ ಎಂದು ಮಗುವಿನೊಂದಿಗೆ ಕೂಡಿ ನೋಡಿದರಾಯಿತು. ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ಇದು ಮೇಲು.

ಮನೆಮಾತು ಬೇರೆಯಾದಾಗ

ದಾವಣಗೆರೆ, ಹರಿಹರಗಳ ಅನೇಕ ಮನೆಗಳಲ್ಲಿ ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತನಾಡುತ್ತಾರೆ. ಈ ಮಕ್ಕಳನ್ನು ಹಿಂದುಳಿದವರೆಂದು ತಿಳಿಯುವುದು ತಪ್ಪು. ಉರ್ದು, ಮರಾಠಿ, ಲಂಬಾಣಿ ಮಾತುಗಳಲ್ಲಿ ಮಹಾಪ್ರಾಣ ಜೀವಂತವಾಗಿದೆ. ಕ–ಖ, ದ–ಧ ಭೇದ ಆ ಮಕ್ಕಳ ಕಿವಿಗೆ ಕನ್ನಡದ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಅವರ ಮನೆಯ ಪದಗಳಿಂದಲೇ ಧ್ವನಿಯನ್ನು ನೆನಪಿಸಿ, ಕನ್ನಡದ ಆಕಾರಕ್ಕೆ ಹೊಂದಿಸಬೇಕು. ಅವರಿಗೆ ಕಷ್ಟವಾಗುವುದು ಪದದ ಅರ್ಥ. ಅರ್ಥ ಗೊತ್ತಿಲ್ಲದಾಗ ‘ವನ’ವೋ ‘ಮನ’ವೋ ಎಂದು ಸಂದರ್ಭದಿಂದ ಊಹಿಸಿ ತಿದ್ದಿಕೊಳ್ಳಲಾಗದು. ಆದ್ದರಿಂದ ಅವರಿಗೆ ಚಿತ್ರದೊಡನೆ ಪದವನ್ನು ತೋರಿಸುವುದು ಅಗತ್ಯ.

ಮಾಡಬಾರದ ಕೆಲಸಗಳು

ತಪ್ಪು ಓದಿದಾಗ ಹೊಡೆಯುವುದು, ಎಲ್ಲರೆದುರು ಮತ್ತೆ ಮತ್ತೆ ಓದಿಸಿ ನಗುವುದು, ಅಣ್ಣ–ಅಕ್ಕಂದಿರೊಡನೆ ಹೋಲಿಸುವುದು ಸಲ್ಲದು. ಅಂಜಿದ ಮಗು ಅಕ್ಷರವನ್ನು ನೋಡುವುದಿಲ್ಲ, ಹೇಳಿಕೊಡುವವರ ಮುಖವನ್ನು ನೋಡಿ ಊಹಿಸುತ್ತದೆ. ತಪ್ಪಿದ ಅಕ್ಷರವನ್ನು ಪುಟಗಟ್ಟಲೆ ಬರೆಸುವುದೂ ನಿಷ್ಫಲ. ಮೊದಲ ಸಾಲಿನ ನಂತರ ಕೈ ನಡೆಯುತ್ತದೆ, ಮನಸ್ಸು ನಡೆಯುವುದಿಲ್ಲ. ಐದು ಸಲ ಗಮನವಿಟ್ಟು ಬರೆಸಿ, ಅದರಲ್ಲಿ ಚೆನ್ನಾದುದಕ್ಕೆ ಮಗುವಿನಿಂದಲೇ ಗುರುತು ಹಾಕಿಸುವುದು ಉತ್ತಮ.

ತಜ್ಞರನ್ನು ಕಾಣಬೇಕಾದುದು ಯಾವಾಗ?

ಆರೇಳು ವರ್ಷದವರೆಗೆ ಅಕ್ಷರಗಳು ಅದಲುಬದಲಾಗುವುದು ಸಾಮಾನ್ಯ. ಅಕ್ಷರ ಅದಲುಬದಲಾದ ಮಾತ್ರಕ್ಕೆ ‘ಡಿಸ್‌ಲೆಕ್ಸಿಯಾ’ ಎಂದು ನಿರ್ಧರಿಸಬಾರದು. ಅದು ಕಣ್ಣಿನ ದೋಷವೆಂಬ ಹಳೆಯ ನಂಬಿಕೆಯೂ ಸರಿಯಲ್ಲ. ಬಹುಮಟ್ಟಿಗೆ ಅದು ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವಲ್ಲಿನ ತೊಡಕೆಂದು ಕಳೆದ ಶತಮಾನದ ಕೊನೆಯ ದಶಕಗಳ ಸಂಶೋಧನೆಗಳು ತೋರಿಸಿವೆ. ಆದರೆ ಕ್ರಮವಾದ ಅಭ್ಯಾಸವಿದ್ದರೂ ಎರಡನೆಯ ತರಗತಿಯ ಕೊನೆಗೆ ಸರಳ ಪದಗಳನ್ನು ಓದಲಾಗದಿದ್ದರೆ, ಪ್ರಾಸಪದ ಹೇಳಲು ಅಥವಾ ಪದದ ಮೊದಲ ಧ್ವನಿ ಗುರುತಿಸಲು ಕಷ್ಟಪಡುತ್ತಿದ್ದರೆ, ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುತ್ತಿದ್ದರೆ ಅಥವಾ ಕರೆದುದು ಕೇಳಿಸದಂತಿದ್ದರೆ ತಡ ಮಾಡಬಾರದು.

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆಯಾಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಗೆ ಅವಕಾಶವಿದೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿಯೂ ವಿಚಾರಿ‌ಸಬಹುದು. ಮಾತು, ಶ್ರವಣ ಮತ್ತು ಓದಿನ ತೊಡಕುಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪರಿಣತ ಕೇಂದ್ರ. ವಿಕಲಾಂಗರ ಹಕ್ಕುಗಳ 2016ರ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿರುವ 21 ವಿಧಗಳಲ್ಲಿ ಸೇರಿಸಿದೆ. 2018ರ ಮಾರ್ಗಸೂಚಿಯು ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವರ್ಷದಲ್ಲಿ ಶಾಲೆಯಲ್ಲಿಯೇ ಮೊದಲ ಹಂತದ ಪರಿಶೀಲನೆ ನಡೆಯಬೇಕೆಂದು ಹೇಳಿತ್ತು. ಪೋಷಕರು ಇದನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಪಡೆಯಬಹುದು. ಸಂಕೋಚಪಡಬೇಕಾದ ವಿಷಯ ಇದಲ್ಲ.

ಒಟ್ಟಿನಲ್ಲಿ ನೆನಪಿಡಬೇಕಾದುದು ಇಷ್ಟು: ಒಂದೇ ತೆರನ ಅಕ್ಷರಗಳನ್ನು ದೂರವಿಟ್ಟು ಕಲಿಸಿ, ಗಟ್ಟಿಯಾದ ಮೇಲೆ ಹತ್ತಿರವಿಟ್ಟು ಹೋಲಿಸಿ. ಎಲ್ಲಿ ನೋಡಬೇಕೆಂದು ಬೆರಳಿಟ್ಟು ತೋರಿಸಿ. ತಪ್ಪು ಕಣ್ಣಿನದೋ, ಕಿವಿಯದೋ, ಕೈಯದೋ ಎಂದು ಮೊದಲು ಅರಿಯಿರಿ. ದಿನಕ್ಕೆ ಹತ್ತೇ ನಿಮಿಷ, ಆದರೆ ದಿನವೂ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ.